ಕಂಬ ಎಲ್ಲೋ?

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಗದ್ದೆ ಬದುವಿನ ಮೇಲೆ ನಿಂತಿದ್ದ ಅಪ್ಪನ ಫೋಟೋ ತೆಗೆದೆ. ಲೈಟ್‌ರೂಮ್‌ನಲ್ಲಿ ಹಸಿರು ಏರಿಸಿ, ನೆರಳು ತಿಳಿಮಾಡಿ, ಹಿಂದಿದ್ದ ಕರೆಂಟ್ ಕಂಬವನ್ನೂ ಅಳಿಸಿದೆ. ಗೆಳೆಯರೆಲ್ಲ ‘ಸೂಪರ್ ಮಗಾ’ ಅಂದರು. ಅಪ್ಪ ಮಾತ್ರ ಕೇಳಿದರು, ‘ಕಂಬ ಎಲ್ಲೋ?’ ಆ ಕಂಬ ಹಾಕಿಸಲು ಅವರು ಎರಡು ವರ್ಷ ಅಲೆದಿದ್ದರು.

ಎಡಿಟಿಂಗೇ ಮೋಸ ಅನ್ನೋರ ಮಾತು ನಾನು ಒಪ್ಪಲ್ಲ. ಫಿಲ್ಮ್ ಕಾಲದಲ್ಲೂ ಡಾರ್ಕ್‌ರೂಮಿನಲ್ಲಿ ಬೆಳಕನ್ನು ಹೆಚ್ಚು ಕಡಿಮೆ ಮಾಡುತ್ತಿದ್ದರು. 2010ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆ ಬಹುಮಾನ ಕೊಟ್ಟಿದ್ದ ಒಂದು ಚಿತ್ರಸರಣಿಯನ್ನು ಅನರ್ಹಗೊಳಿಸಿತು. ಕ್ರಾಪ್ ಮಾಡಿದ್ದಕ್ಕಲ್ಲ, ಕಪ್ಪುಬಿಳುಪು ಮಾಡಿದ್ದಕ್ಕೂ ಅಲ್ಲ; ಅದರಲ್ಲೊಂದು ಚಿತ್ರದ ಹಿನ್ನೆಲೆಯಲ್ಲಿದ್ದ ಯಾರದೋ ಪಾದದ ಚೂರನ್ನು ಅಳಿಸಿದ್ದಕ್ಕೆ. ಬಣ್ಣ ಅವರವರ ರುಚಿ. ಇದ್ದದ್ದನ್ನು ಇರಲೇ ಇಲ್ಲ ಅನ್ನೋದು ಬೇರೆ.

ನಂದೇನು ಸುದ್ದಿಚಿತ್ರವಲ್ಲ, ನಿಜ. ಆದರೆ ಅಪ್ಪನಿಗೆ ಅದು ಅವರ ಬದುಕಿನ ದಾಖಲೆ.

ಇನ್ನೊಂದು ನಾಚಿಕೆಯೂ ಇದೆ. ಕೋಡ್ ರಿವ್ಯೂನಲ್ಲಿ ಒಂದು ಸಾಲನ್ನೂ ಬಿಡದ ನಾನು, ಗೆಳೆಯರ ಫೋಟೋಗಳಿಗೆ ಸರಿಯಾಗಿ ನೋಡದೆಯೇ ‘ಸೂಪರ್’ ಅಂತೀನಿ. ಬೇಜಾರಾಗದಿರಲಿ ಅಂತಲ್ಲ, ಹೊಗಳಿದರೆ ಕೆಲಸ ಬೇಗ ಮುಗಿಯುತ್ತೆ. ಅಪ್ಪ ಹೊಗಳಲಿಲ್ಲ, ನೋಡಿದರು.

ಕಂಬ ಇರುವ ಫೋಟೋ ಈಗ ನಮ್ಮನೆ ಗೋಡೆ ಮೇಲಿದೆ. ಹಸಿರು ಮಾತ್ರ ನಾನು ಏರಿಸಿದ್ದೇ.