ಅಮ್ಮನ ಟೆಸ್ಟು, ನಮ್ಮೆಲ್ಲರ ರಿಪೋರ್ಟು

ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ 2007ರಲ್ಲಿ ತಮ್ಮ ಇಡೀ ಜೀನೋಮನ್ನು ಜಗತ್ತಿನ ಮುಂದಿಟ್ಟರು, ಒಂದು ಜೀನ್ ಬಿಟ್ಟು. ಎಪಿಒಇ. ಆಲ್ಜೈಮರ್ಸ್ ಬರುವ ಸಾಧ್ಯತೆಯ ಸುಳಿವು ಕೊಡುವ ಜೀನ್ ಅದು. ಅದನ್ನು ನನಗೂ ಹೇಳಬೇಡಿ ಅಂದರು. ಅದೊಂದನ್ನೇ ಅಳಿಸಿದರೆ ಸಾಲದು, ಅಕ್ಕಪಕ್ಕದ ಡಿಎನ್‌ಎ ನೋಡಿಯೇ ಊಹಿಸಬಹುದು ಅಂತ ಬೇರೆ ವಿಜ್ಞಾನಿಗಳು ತೋರಿಸಿದ ಮೇಲೆ, ಆಸುಪಾಸನ್ನೂ ಅಳಿಸಬೇಕಾಯಿತು.

ಈ ಕತೆ ನೆನಪಾಗಿದ್ದು ನಮ್ಮಣ್ಣನಿಂದ. "ಅಮ್ಮಂಗೆ ಆ ಜೀನ್ ಟೆಸ್ಟ್ ಮಾಡಿಸಿಬಿಡೋಣ, ಮನೆಗೇ ಬಂದು ಸ್ಯಾಂಪಲ್ ತಗೊಂಡು ಹೋಗ್ತಾರೆ" ಅಂತ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. ಅಮ್ಮನಿಗೆ 67. ಹಾಲಿನವನ ಲೆಕ್ಕ ಇನ್ನೂ ಬಾಯಲ್ಲೇ ಇದೆ. ಆದರೆ ಅಜ್ಜಿ ಕೊನೆಕೊನೆಗೆ ಅಮ್ಮನನ್ನೇ "ಯಾರ ಮನೆ ಹುಡುಗಿ ನೀನು?" ಅಂತ ಕೇಳ್ತಿದ್ದಳು.

ಟೆಸ್ಟ್ ಹೇಳೋದು ಇಷ್ಟು: ಆ ಜೀನಿನ ಇ4 ರೂಪ ಒಂದಿದ್ದರೆ ಅಪಾಯ ಹೆಚ್ಚು, ಎರಡಿದ್ದರೆ ಇನ್ನೂ ಹೆಚ್ಚು. ಯಾವ ವರ್ಷ ಅಂತ ಹೇಳಲ್ಲ, ಬಂದೇ ಬರುತ್ತೆ ಅಂತಲೂ ಹೇಳಲ್ಲ.

ಅಣ್ಣನ ವಾದ ತಳ್ಳಿಹಾಕುವಂಥದ್ದಲ್ಲ. ನಮ್ಮ ಕಾನೂನಿನಲ್ಲಿ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಪವರ್ ಆಫ್ ಅಟಾರ್ನಿ ಬಿದ್ದುಹೋಗುತ್ತದೆ, ಅಂದರೆ ತೀರಾ ಬೇಕಾದಾಗಲೇ ಕೈಕೊಡುತ್ತದೆ. ಹಾಗಾಗಿ ವಿಲ್ಲು, ಬ್ಯಾಂಕು, ಯಾರ ಜೊತೆ ಇರಬೇಕು ಅನ್ನೋದು, ಎಲ್ಲ ಈಗಲೇ ಅಮ್ಮನ ಬಾಯಿಂದ ಕೇಳಿಕೊಳ್ಳಬೇಕು. ಸರಿ, ಕೇಳೋಣ. ಅದಕ್ಕೆ ಟೆಸ್ಟ್ ಯಾಕೆ? ಬಿಪಿ, ಶುಗರ್ ನೋಡಿಕೊಳ್ಳೋದಕ್ಕೆ, ಕಿವಿ ಮಂದವಾದರೆ ಮಷೀನ್ ಹಾಕಿಸೋದಕ್ಕೆ ಯಾವ ಜೀನಿನ ಅಪ್ಪಣೆಯೂ ಬೇಡ. ಡಿಮೆನ್ಷಿಯಾ ಅಪಾಯ ತಗ್ಗಿಸುವ ಪಟ್ಟಿಯಲ್ಲಿ ಈ ಮೂರೂ ಇವೆ.

ನನ್ನನ್ನು ಕಾಡಿದ್ದು ಬೇರೆ. ಅಮ್ಮನಲ್ಲಿರುವ ಎರಡೂ ಇ4 ಆದರೆ, ಅಣ್ಣನಲ್ಲೂ ನನ್ನಲ್ಲೂ ಒಂದು ಇದ್ದೇ ಇರುತ್ತದೆ. ಲ್ಯಾಬಿನ ಮೆಟ್ಟಿಲು ಹತ್ತದೆಯೇ ನಮ್ಮ ರಿಪೋರ್ಟೂ ಕೈಗೆ ಬಂದಂತೆ! ವಾಟ್ಸನ್‌ಗೆ ಅಳಿಸೋಕೆ ಡಿಎನ್‌ಎಯ ಆಸುಪಾಸಾದರೂ ಇತ್ತು. ನಮ್ಮ ಮನೆಯಲ್ಲಿ ಆ ಆಸುಪಾಸು ಅಂದರೆ ನಾವೇ. ತಿಳಿಯದೇ ಇರುವ ಹಕ್ಕು ಅಮ್ಮನಿಗಿದೆ ಅಂತ ನಾನು ಅಣ್ಣನ ಜೊತೆ ಜಗಳ ಆಡಿದೆನಲ್ಲ, ಅದರಲ್ಲಿ ಅಮ್ಮನ ಪಾಲೆಷ್ಟು, 34ರ ನನ್ನ ಪಾಲೆಷ್ಟು?

ಕೊನೆಗೆ ಅಮ್ಮನನ್ನೇ ಕೇಳಿದೆವು. ಇಷ್ಟು ದಿನ ಗ್ರೂಪಿನಲ್ಲಿ ಎಲ್ಲ ಓದಿಕೊಂಡು ಸುಮ್ಮನಿದ್ದಳಂತೆ.

"ಮಾಡಿಸ್ಕೋತೀನಿ ಬಿಡ್ರೋ, ಸೂಜಿಗೇನು ಹೆದರಲ್ಲ. ಆದ್ರೆ ಆಮೇಲೆ ಸಾರಿಗೆ ಉಪ್ಪು ಹಾಕೋದು ಮರೆತ್ರೆ, ಅದು ಬರೀ ಉಪ್ಪು ಮರೆತಿದ್ದು ಅಂತ ಬಿಡ್ತೀರಾ?"

ಅಣ್ಣ ಕಾರಿನ ಕೀ ಹುಡುಕುತ್ತಾ ಎದ್ದುಹೋದ. ಟೆಸ್ಟ್ ಇನ್ನೂ ಬುಕ್ ಆಗಿಲ್ಲ. ವಿಲ್ಲು ಬರೆಸೋಕೆ ವಕೀಲರ ಹತ್ತಿರ ಸೋಮವಾರ ಹೋಗ್ತಿದ್ದೇವೆ, ಅಮ್ಮನೇ ಟೈಮ್ ತಗೊಂಡಿದ್ದಾಳೆ.