ಮನಸ್ಸಿದ್ದೂ ಮಾರ್ಗ ಕಾಣದವರು

“ಮನಸ್ಸಿದ್ದರೆ ಮಾರ್ಗ” ಎಂಬ ಗಾದೆಯನ್ನು ನಾವು ಉಪಾಧ್ಯಾಯರು ಮೇಲಿಂದ ಮೇಲೆ ಹೇಳುತ್ತಿರುತ್ತೇವೆ. ಕೆಲಸ ಕೆಟ್ಟಿತೆಂದರೆ ಮನಸ್ಸೇ ಇರಲಿಲ್ಲವೆಂದು ತೀರ್ಮಾನಿಸುವುದೂ ನಮಗೆ ರೂಢಿಯಾಗಿದೆ. ಈ ತೀರ್ಮಾನವು ಎಲ್ಲರ ವಿಷಯದಲ್ಲಿಯೂ ನ್ಯಾಯವಾದುದೇ?

1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು, ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹತೋಟಿಯಲ್ಲಿಟ್ಟುಕೊಳ್ಳಲಾರದ ಕೆಲವು ಮಕ್ಕಳನ್ನು ಕುರಿತು ಉಪನ್ಯಾಸ ಮಾಡಿದರು. ಅದನ್ನು ಅವರು ನೈತಿಕ ನಿಯಂತ್ರಣದ ದೋಷವೆಂದು ಕರೆದರು. ಅಮೆರಿಕದ ಮನೋವೈದ್ಯರ ಸಂಘವು ಇಂತಹ ತೊಂದರೆಯನ್ನು 1980ರಲ್ಲಿ ಗಮನದ ಕೊರತೆಯೆಂದು ಹೆಸರಿಸಿತು, 1987ರಲ್ಲಿ ಎ.ಡಿ.ಎಚ್.ಡಿ. ಎಂಬ ಈಗಿನ ಹೆಸರು ಬಂದಿತು. ವೈದ್ಯರ ಗ್ರಂಥದಿಂದ ‘ನೈತಿಕ’ವೆಂಬ ಮಾತು ಬಿಟ್ಟುಹೋಯಿತು, ನಮ್ಮ ನಾಲಗೆಯಿಂದ ಇನ್ನೂ ಬಿಟ್ಟುಹೋಗಿಲ್ಲ.

ಇದು ಮೆದುಳಿನ ಬೆಳವಣಿಗೆಗೆ ಸಂಬಂಧಪಟ್ಟುದು. ವಂಶಪಾರಂಪರ್ಯವೂ ಇದಕ್ಕೆ ಬಹುಮಟ್ಟಿಗೆ ಕಾರಣ. ಬಾಲ್ಯದಲ್ಲಿ ತೋರಿದ ಲಕ್ಷಣಗಳು ಅನೇಕರಲ್ಲಿ ವಯಸ್ಸಾದ ಮೇಲೂ ಉಳಿಯುತ್ತವೆ. ಇಂಥವರಲ್ಲಿ ಗಮನವೆಂಬುದು ಇಲ್ಲವೇ ಇಲ್ಲವೆಂದಲ್ಲ. ಅದು ಕರೆದಾಗ ಬರುವುದಿಲ್ಲ. ಗಂಟೆಯ ಸದ್ದನ್ನೇ ಮಕ್ಕಳು ಮರೆಯುವಂತೆ ಪಾಠ ಹೇಳಬಲ್ಲ ಉಪಾಧ್ಯಾಯನೊಬ್ಬನು ಅಂಕಪಟ್ಟಿಯನ್ನು ಸಕಾಲದಲ್ಲಿ ಒಪ್ಪಿಸಲಾರದೆ ಹೋಗಬಹುದು. ಅದು ಸಾಧ್ಯವಾದವನಿಗೆ ಇದೇಕೆ ಆಗದು ಎಂದು ನೋಡುವವರು ಕೇಳುತ್ತಾರೆ. ಸೋಮಾರಿತನವೆಂದು ತಾವೇ ಉತ್ತರವನ್ನೂ ಕೊಟ್ಟುಕೊಳ್ಳುತ್ತಾರೆ.

ಹಾಗಾದರೆ ಅವನ ಹೊರೆಯನ್ನು ಇತರರು ಹೊರಬೇಕೇ? ಮೂವರೇ ಉಪಾಧ್ಯಾಯರಿರುವ ಶಾಲೆಯಲ್ಲಿ ಒಬ್ಬನ ಪಟ್ಟಿ ತಡವಾದರೆ ಉಳಿದಿಬ್ಬರು ಕಾದು ಕುಳಿತಿರಬೇಕಾಗುತ್ತದೆ; ಅವರ ಅಸಮಾಧಾನವೂ ಸಕಾರಣವೇ. ತೊಂದರೆಗೆ ಕಾರಣ ತಿಳಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ತಾನು ಎಲ್ಲಿ ಎಡವುತ್ತೇನೆಂಬುದನ್ನು ಅರಿತು ಹೇಳುವುದು, ವೈದ್ಯರ ಸಲಹೆ ಪಡೆಯುವುದು, ಬರೆದಿಟ್ಟುಕೊಳ್ಳುವುದು, ನೆನಪು ಮಾಡಿದವರ ಮೇಲೆ ಸಿಡುಕದಿರುವುದು ಇವು ಅವನ ಧರ್ಮ. ದೊಡ್ಡ ಕೆಲಸವನ್ನು ಬಿಡಿಬಿಡಿಯಾಗಿ ಹಂಚಿಕೊಡುವುದು, ಬಾಯಲ್ಲಿ ಹೇಳಿದುದನ್ನು ಚೀಟಿಯಲ್ಲಿಯೂ ಬರೆದುಕೊಡುವುದು, ಗಡುವನ್ನು ನಾಲ್ವರ ಮುಂದೆ ಹಂಗಿಸದೆ ಪಕ್ಕಕ್ಕೆ ಕರೆದು ಜ್ಞಾಪಿಸುವುದು ಇವು ಸಹೋದ್ಯೋಗಿಯ ಧರ್ಮ. ಕನ್ನಡಕ ಕೊಟ್ಟವನು ಪುಸ್ತಕವನ್ನು ಓದಿಕೊಟ್ಟಂತಾಗುವುದಿಲ್ಲ. ಓದುವ ಶ್ರಮ ಕಣ್ಣಿನವನದೇ. ಅವನ ಕೆಲಸವನ್ನೇ ಮಾಡಿಕೊಟ್ಟರೆ ಅದು ಕನಿಕರ. ಅವನೇ ಮಾಡುವಂತೆ ದಾರಿ ತೆರೆದರೆ ಅದು ಒಡನಾಟ.

ಧರ್ಮವೆಂದು ಮಾಡಿದುದಕ್ಕೆ ಕೃತಜ್ಞತೆ ಏತಕ್ಕೆಂದು ಕೇಳಬಹುದು. ಇಂತಹ ಸಹಾಯವು ಯಾವ ದಫ್ತರದಲ್ಲಿಯೂ ದಾಖಲಾಗುವುದಿಲ್ಲ. ನಾಲಗೆಯ ತುದಿಗೆ ಬಂದ ಚುಚ್ಚುಮಾತನ್ನು ಒಬ್ಬನು ನುಂಗಿಕೊಂಡುದು ಯಾರಿಗೆ ಕಾಣುತ್ತದೆ? ಪಡೆದವನೊಬ್ಬನೇ ಅದಕ್ಕೆ ಸಾಕ್ಷಿ. ಆತನೂ ಬಾಯಿಬಿಟ್ಟು ಹೇಳದಿದ್ದರೆ ಅದು ನಡೆದೇ ಇಲ್ಲವೆಂಬಂತಾಗುತ್ತದೆ. ಹೀಗೆ ಹೇಳುವುದರಿಂದ ಅವನೇನೂ ಕುಗ್ಗುವುದಿಲ್ಲ.

ವಿದ್ಯಾರ್ಥಿಗಳಿಗೂ ಈ ಮಾತು ಸಲ್ಲುತ್ತದೆ. ನಿಮ್ಮ ಪಕ್ಕದವನು ಲೆಕ್ಕವನ್ನು ಅರ್ಧಕ್ಕೆ ಬಿಟ್ಟು ಕಿಟಕಿಯ ಹೊರಗೆ ನೋಡುತ್ತಿದ್ದರೆ ನಗಬೇಡಿ. ಬಿಟ್ಟ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ. ಅವನಿಗೆ ಮನಸ್ಸಿದೆ, ಬೇಕಾದುದು ಮಾರ್ಗ. ಅದನ್ನು ಜೊತೆಯವರೂ ತೋರಿಸಬಹುದು.