ಹಳೆಯ ಬುಲ್‌ಡೋಜರ್ ಮತ್ತು ನಮ್ಮ ಕೆಂಪು ಪೆನ್ನು

ಹಳೆಯದನ್ನು ರಿಪೇರಿ ಮಾಡಿಸಿ ಬಳಸುವುದು ಮಿತವ್ಯಯವೆಂದು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಮನೆಯ ಮಟ್ಟಿಗೆ ಇದು ಸರಿ. ಚಪ್ಪಲಿಗೆ ಅಟ್ಟೆ ಹೊಲಿಸಿದವರೇ ಅದನ್ನು ಮೆಟ್ಟುತ್ತಾರೆ. ಆದರೆ ಉಳಿತಾಯ ಮಾಡುವವನು ಒಬ್ಬ, ಯಂತ್ರದ ಮೇಲೆ ಕೂರುವವನು ಇನ್ನೊಬ್ಬನಾದರೆ?

ನಾವು ದೆಹಲಿಯ ಒಂದು ಕೇಂದ್ರ ಸರ್ಕಾರಿ ಕಛೇರಿಯಲ್ಲಿ ಗುಮಾಸ್ತರು. ದುರಸ್ತಿಯ ಅಂದಾಜು ಪಟ್ಟಿಗಳು ನಮ್ಮ ಮೇಜಿನ ಮೇಲೆ ಹಾದು ಹೋಗುತ್ತವೆ. ಕಳೆದ ವರ್ಷ ಬೆಟ್ಟದ ರಸ್ತೆಯ ಕೆಲಸದಲ್ಲಿದ್ದ ಹಳೆಯ ಬುಲ್‌ಡೋಜರೊಂದರ ಕಡತ ಬಂತು. ನಮ್ಮ ಕೆ.ಜಿ.ಎಫ್.ನ ಬೆಮೆಲ್ ಕಾರ್ಖಾನೆಯಲ್ಲಿ ತಯಾರಾದದ್ದು. (ಅಲ್ಲಿಯ ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಬುಲ್‌ಡೋಜರುಗಳು ಬರುತ್ತಲೇ ಇವೆಯೆಂಬುದು ಪರನಾಡಿನಲ್ಲಿರುವ ನಮಗೊಂದು ಸಣ್ಣ ಹೆಮ್ಮೆ.)

ಅಂದಾಜು ನಮ್ಮ ಅಧಿಕಾರಿಗಳ ಮಂಜೂರಾತಿ ಮಿತಿಯನ್ನು ಸ್ವಲ್ಪವೇ ಮೀರಿತ್ತು. ಮೇಲಕ್ಕೆ ಕಳಿಸಿದರೆ ‘ಇದನ್ನೇಕೆ ಗುಜರಿಗೆ ಹಾಕಬಾರದು?’ ಎಂಬ ಷರಾ ಖಂಡಿತ. ಆದ್ದರಿಂದ ಸ್ಟೀರಿಂಗ್ ಕ್ಲಚ್ಚು, ಬ್ರೇಕ್ ಲೈನಿಂಗುಗಳ ಬಾಬನ್ನು ಕೆಂಪು ಪೆನ್ನಿನಲ್ಲಿ ಸುತ್ತಿ ‘ಸದ್ಯಕ್ಕೆ ಕೈಬಿಡಬಹುದು’ ಎಂದು ಬರೆದೆವು. ಒಂದು ಯಂತ್ರವನ್ನು ಬದುಕಿಸಿದೆವೆಂಬ ತೃಪ್ತಿಯೂ ಆಯಿತು.

ಎರಡು ವಾರಗಳ ಮೇಲೆ ಅಲ್ಲಿಯ ಫೋರ್‌ಮನ್ ಬೇರೆ ಕೆಲಸಕ್ಕೆ ದೆಹಲಿಗೆ ಬಂದವರು ನಮ್ಮ ಮೇಜಿಗೂ ಬಂದರು. ಚಹಾ ಕುಡಿಯುತ್ತ, ಹಳೆಯ ಫಾರಮಿನ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಚೈನಿನ ಬುಷ್ ಒಂದೇ ಮಗ್ಗುಲಲ್ಲಿ ಸವೆಯುತ್ತದೆ. ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಸವೆಯದ ಮಗ್ಗುಲು ಮತ್ತಷ್ಟು ಕಾಲ ದುಡಿಯುತ್ತದೆ. ಇಂಥದ್ದನ್ನೆಲ್ಲ ಮಾಡಿಯೇ ಅವರು ಅದನ್ನು ನಡೆಸಿದ್ದರು. “ಚೈನು ಬೇಕಾದರೆ ಹೊಡೆದುಹಾಕಿ ಬಾಬೂಜಿ, ಬ್ರೇಕನ್ನಲ್ಲ. ಚೈನು ಹೋದರೆ ಯಂತ್ರ ನಿಲ್ಲುತ್ತದೆ. ಬ್ರೇಕು ಹೋದರೆ ನಿಲ್ಲುವುದೇ ಇಲ್ಲ” ಎಂದರು.

ಸಮನೆಲದಲ್ಲಿ ಎಡ ಲಿವರ್ ಎಳೆದರೆ ಎಡ ಚೈನಿಗೆ ಎಂಜಿನ್ನಿನ ಸಂಪರ್ಕ ತಪ್ಪಿ ಬುಲ್‌ಡೋಜರ್ ಎಡಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಎಂಜಿನ್ ತಳ್ಳುತ್ತಿರುವುದಿಲ್ಲ, ತಡೆಯುತ್ತಿರುತ್ತದೆ. ಅಲ್ಲಿ ಸಂಪರ್ಕ ತಪ್ಪಿದ ಚೈನನ್ನು ಬ್ರೇಕು ಹಿಡಿಯದಿದ್ದರೆ ಅದೇ ವೇಗವಾಗಿ ಓಡಿ ಯಂತ್ರ ಬಲಕ್ಕೆ ಹೊರಳುತ್ತದೆ. ಆ ರಸ್ತೆಯಲ್ಲಿ ಬಲಕ್ಕೆ ಕಣಿವೆ. ಬಿ.ಎಸ್ಸಿ.ಯಲ್ಲಿ ಘರ್ಷಣೆಯ ಪಾಠ ಒಪ್ಪಿಸಿ ಅಂಕ ಗಳಿಸಿದ ನಮಗೆ ಇದು ಹೊಳೆದಿರಲಿಲ್ಲ.

ಹಾಗಾದರೆ ಗುಜರಿಯೇ ಮೇಲಲ್ಲವೆ ಎಂದು ಕೇಳಿದೆವು. ಅವರಿಗೆ ನೋವಾಯಿತು. ಎಂಜಿನ್ ಗಟ್ಟಿ, ಚೌಕಟ್ಟು ಗಟ್ಟಿ; ಎಸೆಯಲು ಅವರ ಮನಸ್ಸು ಒಪ್ಪದು. ಕಾಗದದಲ್ಲೂ ಅದು ಸುಲಭವಲ್ಲ. 2017ರ ಸಾಮಾನ್ಯ ಹಣಕಾಸು ನಿಯಮಗಳ 217ನೆಯ ನಿಯಮದಂತೆ ವಸ್ತುವನ್ನು ನಿರುಪಯುಕ್ತವೆನ್ನಲು ಕಾರಣ ದಾಖಲಿಸಬೇಕು. ನಾವು ಬ್ರೇಕಿನ ಬಾಬನ್ನು ಹೊಡೆದದ್ದಕ್ಕೆ ಮಾತ್ರ ಯಾರೂ ಕಾರಣ ಕೇಳಿರಲಿಲ್ಲ. ಬಹುಶಃ ನಮ್ಮ ಮಿತವ್ಯಯದಲ್ಲಿ ಬಹುಪಾಲು ಹೀಗೆ ಯಾರೂ ಕೇಳದ ಕಡೆಯಲ್ಲೇ ನಡೆಯುತ್ತದೆ. ಲಿವರ್ ಹಿಡಿಯುವ ಆಪರೇಟರನ ಹೆಸರು ಕಡತದ ಯಾವ ಪುಟದಲ್ಲೂ ಇರಲಿಲ್ಲ.

ಮೊದಲಿನ ನಮ್ಮ ಸಲಹೆ ತಪ್ಪೆಂದು ಹೊಸ ಟಿಪ್ಪಣಿ ಬರೆದೆವು. ಇಪ್ಪತ್ತು ವರ್ಷಗಳ ನೌಕರಿಯಲ್ಲಿ ಆ ಶಬ್ದವನ್ನು ಬರೆದದ್ದು ಅದೇ ಮೊದಲು. ಕಡತ ಮೇಲೆ ಹೋಯಿತು, ಷರಾ ಬಂತು, ಉತ್ತರ ಹೋಯಿತು. ಅಷ್ಟರಲ್ಲಿ ಬುಲ್‌ಡೋಜರ್ ನಾಲ್ಕು ತಿಂಗಳು ನಿಂತಿತು. ಮಳೆಗಾಲದ ಮಣ್ಣು ರಸ್ತೆಯ ಮೇಲೆ ಬಿತ್ತು. ಫೋರ್‌ಮನ್ ಅದಕ್ಕೂ ನಮ್ಮನ್ನೇ ಬೈದರು. ಮೊನ್ನೆ ಫೋನು ಮಾಡಿದ್ದರು. ಯಂತ್ರ ಮತ್ತೆ ಕೆಲಸಕ್ಕಿಳಿದಿದೆ. ಚೈನನ್ನು ಮುಂದಿನ ವರ್ಷ ಬದಲಿಸಲೇಬೇಕಂತೆ.